ಪೀರನ ಕಲ್ಲು ಇದ್ದ ಜಾಗ

ಬಸವಕಲ್ಯಾಣ
10 ಫೆಬ್ರವರಿ 2025

ತುಳಜಾರಾಮ,

ನೀನು ಅಚ್ಚಿಗೆ ಕಳಿಸಿದ ಕರಪತ್ರವನ್ನು ಇದರೊಂದಿಗೆ ವಾಪಸು ಕಳಿಸಿದ್ದೇನೆ. ನನ್ನ ಪ್ರೆಸ್ಸಿನಲ್ಲಿ ಇದು ಛಾಪಾಗುವುದಿಲ್ಲ. ವರ್ಷ ತುಂಬುವ ಮೊದಲೇ ಮುರಿದ ಸಂಬಂಧಗಳ ಲಗ್ನಪತ್ರಿಕೆ ಛಾಪಿಸಿದ್ದೇನೆ. ಚುನಾವಣೆಯಲ್ಲಿ ಸೋತವರ ವಿಜಯೋತ್ಸವದ ಪೋಸ್ಟರನ್ನು ಎಣಿಕೆಗೆ ಮೊದಲೇ ಛಾಪಿಸಿ ಕೊಟ್ಟಿದ್ದೇನೆ. ಸುಳ್ಳು ನನಗೆ ಹೊಸದಲ್ಲ. ಆದರೆ ಈ ಸುಳ್ಳು ನಾವು ಹುಟ್ಟಿದ ಊರಿನ ಕೆರೆಯ ಮೇಲೆ ಕೂತಿದೆ.

'ಕಾಯಕ ಲೇಕ್ ವ್ಯೂ ನಗರ.' ಈ ಹೆಸರು ಇಡುವಾಗ ನಿನಗೆ ಏನೂ ಅನ್ನಿಸಲಿಲ್ಲವೇ? ಕಲ್ಯಾಣದ ಹೆಸರು ಹೇಳಿಕೊಂಡು ಉಂಡವರನ್ನು ಬಹಳ ನೋಡಿದ್ದೇನೆ. ಅದರ ಜೊತೆಗೆ ಕೆರೆಯನ್ನೂ ನಂಜಿಕೊಂಡು ಉಣ್ಣಲು ಹೊರಟವನು ನೀನೇ ಮೊದಲಿಗ. ಮೇಲೆ ಬಾತುಕೋಳಿಗಳ ಚಿತ್ರ ಬೇರೆ. ಬೋರವಾಡಿ ಕೆರೆಯಲ್ಲಿ ಬಾತುಕೋಳಿಯನ್ನು ನೀನು ಯಾವಾಗ ಕಂಡಿದ್ದೆ?

ಹೊಲ ನಿಮ್ಮದು. ಪಟ್ಟಾ ನಿನ್ನ ಹೆಸರಿನಲ್ಲಿದೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದರ ಕೆಳಗಿನ ಅರ್ಧ, ಕೆರೆ ತುಂಬದ ವರ್ಷ ನಿನ್ನದು, ತುಂಬಿದ ವರ್ಷ ನೀರಿನದು. ನಿನ್ನ ಅಪ್ಪ ಅಲ್ಲಿ ನೀರು ಸರಿದ ಮೇಲೆ ಕಡಲೆ ಬಿತ್ತುತ್ತಿದ್ದರು. ಮನೆ ಹೋಗಲಿ, ದನದ ಕೊಟ್ಟಿಗೆಯನ್ನೂ ಕಟ್ಟಲಿಲ್ಲ. ಅಲ್ಲಿ ನೀನು ಜನರ ಸಂಸಾರ ಹೂಡಿಸಲು ಹೊರಟಿದ್ದೀ. ಎಪ್ಪತ್ತೆರಡರ ಬರದಲ್ಲಿ ಆ ಕೆರೆಯ ಹೂಳನ್ನು ನಾವಿಬ್ಬರೂ ಒಂದೇ ಬುಟ್ಟಿಯಲ್ಲಿ ಸರದಿಯ ಮೇಲೆ ಹೊತ್ತವರು. ಅದರ ಆಳ ನಮಗೆ ಗೊತ್ತಿಲ್ಲವೇ?

ಲೇಔಟಿಗೆ ಒಪ್ಪಿಗೆ ಕೇಳಿ ಪಂಚಾಯಿತಿಗೆ ಕೊಟ್ಟ ಅರ್ಜಿಯನ್ನು ಹಿಂದಕ್ಕೆ ತಗೊ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಊಟಾ ಆಯ್ತೇನೋ ಅಜೀಮಾ" ಎಂದು ಶುರು ಮಾಡಿ, ತೊಗರಿಯ ದರಕ್ಕೆ ಹೋಗಿ, "ಬಾ ಒಮ್ಮಿ ಹುಮನಾಬಾದಿಗಿ" ಎಂದು ಮುಗಿಸುತ್ತೀ. ಕಾಗದದಲ್ಲಿ ನಿನಗೆ ಆ ಸವಲತ್ತಿಲ್ಲ.

ಮಗಳು ಅಲ್ಮಾಸ್ ದವಾಖಾನೆಯ ಡ್ಯೂಟಿಗೆ ಹೋಗಿದ್ದಾಳೆ. ಮೂರನೆಯ ಬಾಡಿಗೆ ಮನೆಯೂ ಕೈತಪ್ಪಿತು. ತಂದೆಯಿಲ್ಲದ ಎರಡು ಮಕ್ಕಳನ್ನು ಕರೆದುಕೊಂಡು ಮತ್ತೆ ನನ್ನ ಪ್ರೆಸ್ಸಿನ ಮೇಲಿನ ಕೋಣೆಗೇ ಬಂದಿದ್ದಾಳೆ.

ಅಜೀಮುದ್ದೀನ್


ಹುಮನಾಬಾದ್
19 ಫೆಬ್ರವರಿ 2025

ಪ್ರೀತಿಯ ಅಜೀಮ್ ಭಾಯಿ,

ನಿನ್ನ ಬೈಗುಳ ಮುಟ್ಟಿತು. ಧಾನ್ಯದ ಅಡತಿ ಅಂಗಡಿಯಲ್ಲಿ ಹಮಾಲರಿಗೂ ಓದಿ ತೋರಿಸಿದೆ. "ಸೇಠ್, ಇಷ್ಟು ಚಂದ ಬೈಯೋರು ಈಗ ಸಿಗಂಗಿಲ್ಲ, ಇಟ್ಕೋರಿ" ಎಂದರು. ಇಟ್ಟುಕೊಂಡಿದ್ದೇನೆ.

ಕರಪತ್ರವನ್ನು ಇಲ್ಲಿಯೇ ಛಾಪಿಸಿದೆ. ಬಾತುಕೋಳಿ ತೆಗೆಸಿದ್ದೇನೆ, ಸಮಾಧಾನವೇ?

ನೀನು ಬರೆದದ್ದು ಹಳೆಯ ಕೆರೆ. ಈಗ ಅದು ಯಾವ ವರ್ಷ ತುಂಬುತ್ತದೆ ಹೇಳು. ಇಲ್ಲಿ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರು, ಮನ್ನಾಏಖೇಳ್ಳಿಯ ಅಂಗಡಿಕಾರರು, ಚಿಟಗುಪ್ಪದ ಮಾಸ್ತರರು, ಎಲ್ಲರೂ ಒಂದು ತುಂಡು ಜಾಗ ಕೇಳುತ್ತಾರೆ. ನನ್ನ ಲೇಔಟಿನಲ್ಲಿ ಯಾರ ಜಾತಿ ಯಾವುದು, ಹೆಸರೇನು ಎಂದು ಕೇಳುವುದಿಲ್ಲ. ನಿನ್ನ ಊರಿನಲ್ಲಿ ಕೇಳುವವರು ಎಷ್ಟು ಮಂದಿ ಎಂದು ನನಗಿಂತ ನಿನಗೆ ಗೊತ್ತು. ಪುಸ್ತಕ ಓದಿ ಸಿಟ್ಟು ಮಾಡುವುದು ಸುಲಭ. ಜನರಿಗೆ ಜಾಗ ಕೊಡುವುದು ಕಷ್ಟ.

ಎಲ್ಲವನ್ನೂ ಕಾಯಿದೆಯ ಪ್ರಕಾರ ಮಾಡುತ್ತಿದ್ದೇನೆ. ಪಂಚಾಯಿತಿಯ ಠರಾವು ಆಗಬೇಕು, ಆಮೇಲೆ ಮೇಲಿನ ಕಚೇರಿಯ ಮಂಜೂರಿ. ಮಾರ್ಚ್ ಆರಕ್ಕೆ ಗ್ರಾಮಸಭೆ ಕರೆದಿದ್ದಾರೆ. ತಪ್ಪದೆ ಬಾ. ನಮ್ಮ ಪೀರನ ಕಲ್ಲಿಗೂ ಒಂದು ಒಳ್ಳೆಯ ಕೆಲಸ ಮಾಡಿದ್ದೇನೆ. ಏನೆಂದು ಬರೆಯುವುದಿಲ್ಲ, ನೀನೇ ನೋಡು. ನಿನ್ನ ಕಣ್ಣು ತುಂಬುತ್ತದೆ.

ನಿನ್ನ
ತುಳಜಾ


ಬಸವಕಲ್ಯಾಣ
7 ಮಾರ್ಚ್ 2025

ತುಳಜಾರಾಮ,

ಕಣ್ಣು ತುಂಬಲಿಲ್ಲ, ಉರಿಯಿತು.

ಸಭೆಗೆ ಮುಂಚೆ ಕೆರೆಗೆ ಹೋಗಿದ್ದೆ. ಪೀರನ ಕಲ್ಲು ಇದ್ದಲ್ಲಿ ಇಲ್ಲ. ಅಲ್ಲೊಂದು ಹೊಂಡ, ಹೊಂಡದ ಸುತ್ತ ಬಿಳಿ ಪುಡಿಯಲ್ಲಿ ಎಳೆದ ಪ್ಲಾಟಿನ ಗೆರೆ. ಕಲ್ಲನ್ನು ಇಳಿಜಾರಿನ ತಳಕ್ಕೆ ಒಯ್ದು, ಬೇಸಿಗೆಯ ನೀರು ನಿಂತ ಅಂಚಿನಲ್ಲಿ ಅಮೃತಶಿಲೆಯ ಕಟ್ಟೆ ಕಟ್ಟಿ ಕೂರಿಸಿದ್ದೀ. ಒಂದು ಮಗ್ಗುಲಿಗೆ ಹಸಿರು ಚಾದರ, ಇನ್ನೊಂದು ಮಗ್ಗುಲಿಗೆ ಅರಿಶಿನ ಕುಂಕುಮ. ಸುತ್ತ ಸ್ಟೀಲಿನ ಕಟಾಂಜನ. ಹಿಂದೆ ಒಂದು ಬೋರ್ಡು: 'ಉದ್ಯಾನಕ್ಕೆ ಮೀಸಲು'.

ಸಭೆಯಲ್ಲಿ ಎದ್ದು ನಿಂತು, ಕಲ್ಲನ್ನು ಯಾರು ಸರಿಸಿದರು ಎಂದು ಕೇಳಿದೆ. ಅಧ್ಯಕ್ಷೆ ಮುಕ್ತಾಬಾಯಿ ನಕ್ಕರು.

"ಸರಸಿಲ್ರಿ ಅಜೀಮ್ ಸಾಬ್. ಮೆರವಣಿಗಿ ಮಾಡಿ ಕರಕೊಂಡು ಹೋಗೇವಿ. ಬಾಜಾ ಇತ್ತು, ಊರಿಗೆಲ್ಲ ಊಟ ಇತ್ತು. ತುಳಜಾರಾಮ ಸೇಠ್ ಹಂಗ ಯಾರು ಮಾಡ್ತಾರ ಈಗಿನ ಕಾಲಕ್ಕ?"

"ಪೀರ ಇದ್ದಲ್ಲೇ ಇರಬೇಕಿತ್ತು" ಎಂದೆ.

"ಯಾಕ್ರಿ? ನೀರಿನ ಪೀರ, ನೀರಿನ ಬಾಜೂಕ ಹೋದ. ಪಾಪ, ಎಷ್ಟು ವರ್ಷ ದೂರದಿಂದ ನೋಡಕೋತ ಕುಂತಿದ್ದ."

ಸಭೆಯೆಲ್ಲ ನಕ್ಕಿತು. ನಮ್ಮ ಹಳೆಯ ಮನೆಯ ಪಕ್ಕದ ನರಸಿಂಗ ಇದ್ದಾನಲ್ಲ, ಅವನು ಎದ್ದು, "ಸಾಬ್, ನಿಮ್ಮ ಪೀರಗ ಮಾಡಿದ್ದು, ನಿಮಗ ಖುಷಿ ಆಗಬೇಕು. ನೀವೇ ತಕರಾರು ತಗದ್ರ ಹ್ಯಾಂಗ?" ಎಂದ.

ನಿಮ್ಮ ಪೀರ. ಬೋರವಾಡಿಯಲ್ಲಿ ಈ ಮಾತನ್ನು ನಾನು ಮೊದಲ ಸಲ ಕೇಳಿದೆ. ಕಲ್ಲಿಗೆ ಎರಡು ಮಗ್ಗುಲು ಮಾಡಿದ್ದು ನಿನ್ನ ಅಮೃತಶಿಲೆ. ಅದಕ್ಕೆ ಮುಂಚೆ ಕುಂಕುಮದ ಮೇಲೆಯೇ ಊದುಬತ್ತಿಯ ಬೂದಿ ಬೀಳುತ್ತಿತ್ತು.

ಅದು ಪೀರನ ಸಮಾಧಿಯಲ್ಲ, ನಿನಗೂ ಗೊತ್ತು. ನಿಜಾಮರ ಕಾಲದಲ್ಲಿ ಕೆರೆ ದುರಸ್ತಿ ಮಾಡಿದವರು, ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ನೆಟ್ಟ ಗುರುತು ಅದು. ನೀರು ಅದರ ಬುಡ ಮುಟ್ಟಿದರೆ ಮುಂದಿನ ವರ್ಷ ಬಾವಿಗಳಿಗೆ ಚಿಂತೆಯಿಲ್ಲ. ಆ ಖುಷಿಗೆ ಯಾರೋ ಊದುಬತ್ತಿ ಹಚ್ಚಿದರು, ಯಾರೋ ಕುಂಕುಮ ಹಚ್ಚಿದರು, ಕಲ್ಲು ಪೀರನಾಯಿತು. ನೀರು ಮುಟ್ಟಿದ್ದನ್ನು ಮೊದಲು ಕಂಡವರು "ಪೀರನ ಪಾದ ಮುಟ್ತು" ಎಂದು ಕೂಗುತ್ತ ಊರೊಳಗೆ ಓಡಬೇಕು. ಊರಿನ ಹಿರಿಯರು ಬಂದು ಕಣ್ಣಾರೆ ನೋಡಿ ಅವರಿಗೆ ರುಮಾಲು ಕಟ್ಟಬೇಕು. ಮನೆಮನೆಯಿಂದ ಸಕ್ಕರೆ ತಂದು ಅಲ್ಲಿಯೇ ಹಂಚಬೇಕು. ಹೋದ ಸಲ ಮುಟ್ಟಿದ್ದು ಕರೋನಾ ವರ್ಷ. ಯಾರೂ ಓಡಲಿಲ್ಲ, ಯಾರೂ ಸೇರಲಿಲ್ಲ, ಸಕ್ಕರೆ ಹಂಚಲಿಲ್ಲ. ಅಷ್ಟಕ್ಕೇ ಊರು ಮರೆತು ಕೂತಿದೆ. 'ಯಾವ ವರ್ಷ ತುಂಬುತ್ತದೆ' ಎಂದು ನೀನು ಕೇಳುತ್ತೀ.

ಸರ್ಕಾರದ ಅಳೆಯುವವರು ಸಭೆಗೆ ಮೊದಲೇ ಬಂದರು. ಹಳೆಯ ನಕ್ಷೆಯಲ್ಲಿ ಕೆರೆಯ ಅಂಚು ಎಂದರೆ ಆ ಕಲ್ಲು. ಕಲ್ಲನ್ನು ಹುಡುಕಿದರು. ಸಿಕ್ಕಿತು, ಅದೂ ಚಾದರ ಹೊದ್ದುಕೊಂಡು. ಕೆರೆಯಂಚಿನಿಂದ ಬಿಡಬೇಕಾದ ಖಾಲಿ ಜಾಗವನ್ನು ಅಲ್ಲಿಂದ ಅಳೆದು ಹೋದರು. ಮೆರವಣಿಗೆ ನಡೆದದ್ದು ಅವರು ಬರುವುದಕ್ಕೆ ಮೊದಲು. ನೀನು ಒಯ್ದದ್ದು ಪೀರನನ್ನಲ್ಲ ತುಳಜಾ, ಕೆರೆಯನ್ನು.

ಗೊತ್ತಿರಲಿಲ್ಲ ಎಂದು ಮಾತ್ರ ಬರೆಯಬೇಡ. ನನ್ನ ಅಪ್ಪ ಹೇಳಿದ್ದನ್ನು ಕೇಳಿಕೊಂಡು ನಾವಿಬ್ಬರೂ ಆ ಕಲ್ಲಿನ ಮುಂದೆ "ಪೀರ ಅಲ್ಲ, ಸರ್ಕಾರಿ ಕಲ್ಲು" ಎಂದು ಕುಣಿದಿದ್ದೆವು. ನಿನ್ನ ಅಜ್ಜಿ ಹುಣಸೆ ಬರಲು ಮುರಿದು ಇಬ್ಬರ ಮೀನಖಂಡಕ್ಕೂ ಬಾರಿಸಿದಳು. ಮೊಮ್ಮಗನೆಂದು ನಿನಗೆ ಎರಡೇಟು ಹೆಚ್ಚು ಬಿದ್ದವು.

ಠರಾವು ಪಾಸಾಯಿತು. ವಿರೋಧಕ್ಕೆ ಎತ್ತಿದ ಕೈ ನನ್ನದೊಂದೇ, ನಾನು ಆ ಊರಿನ ಮತದಾರನಲ್ಲ ಎಂದು ಅದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮೇಲಿನ ಕಚೇರಿಗೆ ತಕರಾರು ಅರ್ಜಿ ಕೊಟ್ಟಿದ್ದೇನೆ. ಅದರಲ್ಲಿ ನಿನ್ನ ಹೆಸರಿದೆ. ಹಿಂದೆ ಸೇಠ್ ಎಂದು ಬರೆದಿಲ್ಲ.

ಅಜೀಮುದ್ದೀನ್


ಹುಮನಾಬಾದ್
20 ಮಾರ್ಚ್ 2025

ಅಜೀಮ್,

ಅಜ್ಜಿ ಹೊಡೆದದ್ದು ನೆನಪಿದೆ. ಯಾಕೆ ಹೊಡೆದಳು ಎಂಬುದು ನೆನಪಿಲ್ಲ.

ನೀನು ಓದುತ್ತಾ ಹೋದೆ, ನಿನಗೆ ಅದು ಕಲ್ಲಾಗಿಯೇ ಉಳಿಯಿತು. ನಾನು ಅಂಗಡಿ ತೆರೆದ ದಿನ ಅದಕ್ಕೆ ಕೈ ಮುಗಿದೆ, ಮಗಳ ಮದುವೆಗೆ ಮುಗಿದೆ, ನನ್ನ ಎದೆಯ ಆಪರೇಷನ್ನಿಗೆ ಮೊದಲೂ ಮುಗಿದೆ. ನನಗೆ ಅದು ಪೀರ. ಜನ ತುಳಿದಾಡುವ ಜಾಗದಿಂದ ಎತ್ತಿ ಕಟ್ಟೆ ಕಟ್ಟಿ ಕೂರಿಸಿದವನಿಗೆ ಕೆರೆಗಳ್ಳ ಎನ್ನುತ್ತೀಯಲ್ಲ, ನಾಲ್ಕು ಜನರ ಮುಂದೆ. ನರಸಿಂಗ ನನಗೆ ಎಲ್ಲ ಹೇಳಿದ.

ನಿನ್ನ ಅರ್ಜಿಯಿಂದ ಮಂಜೂರಿ ನಿಂತಿದೆ. ನಿಲ್ಲಿಸಿದ್ದು ನನ್ನ ಮಂಜೂರಿ ಎಂದು ನೀನು ತಿಳಿದಿದ್ದೀ. ಯಾರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀ ಎಂದು ನಿನಗೆ ಗೊತ್ತಿಲ್ಲ. ಇನ್ನೊಂದು ಅರ್ಜಿ ಬರೆಯುವ ಮುಂಚೆ ನಿನ್ನ ಮನೆಯಲ್ಲಿ ಒಮ್ಮೆ ವಿಚಾರಿಸು. ಇದಕ್ಕಿಂತ ಹೆಚ್ಚು ಬರೆಯಲಾರೆ, ಮಾತು ಕೊಟ್ಟಿದ್ದೇನೆ.

ತುಳಜಾರಾಮ


ಬಸವಕಲ್ಯಾಣ
24 ಮಾರ್ಚ್ 2025

ತುಳಜಾರಾಮ,

ಮನೆಯಲ್ಲಿ ವಿಚಾರಿಸು ಎಂದರೆ ಏನರ್ಥ? ಯಾರಿಗೆ ಏನು ಮಾತು ಕೊಟ್ಟಿದ್ದೀ?

ಮೊದಲು 'ನಿಮ್ಮ ಪೀರ' ಆಯಿತು. ಈಗ 'ನಿನ್ನ ಮನೆ'. ಮುಂದೇನು, ಪ್ರೆಸ್ಸಿನ ಗಾಜೋ, ಮೊಮ್ಮಕ್ಕಳು ಶಾಲೆಗೆ ಹೋಗುವ ದಾರಿಯೋ? ಇಂಥ ಕಾಗದಗಳನ್ನು ನಾನು ಬೇರೆಯವರಿಂದ ಕಂಡಿದ್ದೇನೆ, ಕೆಳಗೆ ಸಹಿ ಇರುವುದಿಲ್ಲ. ನೀನು ಸಹಿ ಹಾಕಿದ್ದೀ, ಅಷ್ಟು ಧೈರ್ಯ ಮೆಚ್ಚಿದೆ.

ನಿನ್ನ ಕಾಗದವನ್ನು ಅಲ್ಮಾಸಳಿಗೆ ತೋರಿಸಿದೆ. ಓದಿ ಮಡಚಿಟ್ಟು ರೊಟ್ಟಿ ಬಡಿಯಲು ಹೋದಳು. ಹೆದರಿದ್ದಾಳೆ. ನೀನು ಎತ್ತಿ ಆಡಿಸಿದ ಕೂಸನ್ನು ನೀನೇ ಹೆದರಿಸಿದೆ. ನನ್ನ ಮನೆಯಲ್ಲಿ ಮಾರಾಟಕ್ಕೆ ಯಾರೂ ಇಲ್ಲ. ಇನ್ನೊಂದು ಅರ್ಜಿ ನಿನ್ನೆಯೇ ಕಳಿಸಿದ್ದೇನೆ.

ಅಜೀಮುದ್ದೀನ್


ಹುಮನಾಬಾದ್
30 ಮೇ 2025

ಅಜೀಮ್,

ಮಂಜೂರಿ ಬಂತು. ನಿನ್ನ ಎರಡೂ ಅರ್ಜಿಗಳನ್ನು ತಳ್ಳಿಹಾಕಿದ್ದಾರೆ. ಸ್ಥಳಕ್ಕೆ ಹೋಗಿ ನೋಡಿದರಂತೆ, ಕಲ್ಲು ಕೆರೆಯಂಚಿನಲ್ಲಿಯೇ ಇದೆ ಎಂದು ಬರೆದಿದ್ದಾರೆ.

ನಿನ್ನ ಮಾರ್ಚಿನ ಕಾಗದವನ್ನು ಎರಡು ತಿಂಗಳು ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ಮೊಮ್ಮಕ್ಕಳ ದಾರಿ ಎಂದು ಬರೆದಿದ್ದೆಯಲ್ಲ. ನನ್ನನ್ನು ಅಂಥವನೆಂದು ತಿಳಿದೆಯಾ? ನಿನ್ನೆ ಅಲ್ಮಾಸಳ ಅಪ್ಪಣೆ ಕೇಳಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಲೇಔಟಿನ ಮೊದಲನೆಯ ಪ್ಲಾಟು ಅವಳದು. ಜನವರಿಯಲ್ಲಿ ಅಂಗಡಿಗೆ ಬಂದು ಕೂತಳು. "ಕಾಕಾ, ಹೆಸರು ಕೇಳಿದ ಕೂಡಲೆ ಖಾಲಿ ಇಲ್ಲ ಅಂತಾರ. ನನಗೊಂದು ಜಾಗ ಕೊಡ್ರಿ, ಅಬ್ಬಾಗ ಹೇಳಬ್ಯಾಡ್ರಿ" ಎಂದಳು. ಕೊಡುವುದಾದರೆ ಎಂಥದು ಕೊಡಬೇಕು ಎಂದು ರಾತ್ರಿಯೆಲ್ಲ ಯೋಚನೆ ಮಾಡಿದೆ. ಮೂಲೆಯ ಪ್ಲಾಟು ಕೊಟ್ಟೆ. ಪೀರನ ಕಲ್ಲು ಇದ್ದ ಜಾಗ. ಅದಕ್ಕಿಂತ ಬರಕತ್ತಿನ, ಮನೆ ಏಳಿಗೆಯಾಗುವ ಜಾಗ ನನ್ನ ಹೊಲದಲ್ಲಿ ಬೇರೆ ಇಲ್ಲ.

ಈಗ ಹೇಳು, ಕಲ್ಲನ್ನು ಅಲ್ಲಿಯೇ ಬಿಡಬೇಕಿತ್ತೇ? ಅವಳ ಕಾಂಪೌಂಡಿನೊಳಗೆ ಪೀರನಿದ್ದರೆ ಊರವರು ಅವಳಿಗೆ ಗೇಟು ಹಾಕಿಕೊಳ್ಳಲು ಬಿಡುತ್ತಿದ್ದರೇ? ಒಬ್ಬಂಟಿ ಹೆಣ್ಣುಮಗಳ ಅಂಗಳದಲ್ಲಿ ದಿನಾ ಜಾತ್ರೆ. ಅದಕ್ಕೇ ಸರಿಸಿದೆ. ಅಳೆಯುವವರಿಗಾಗಿ ಅಲ್ಲ.

ಈಗ ಇನ್ನೊಂದು ಅರ್ಜಿ ಬರೆಯುವುದಾದರೆ ಅವಳ ಹೆಸರಿನ ಮೇಲೆ ಬರೆ.

ತುಳಜಾರಾಮ


ಹುಮನಾಬಾದ್
20 ಜುಲೈ 2025

ಅಜೀಮ್ ಭಾಯಿ,

ಉತ್ತರ ಬರಲಿಲ್ಲ. ಬೈಯುವುದನ್ನೂ ಬಿಟ್ಟೆಯಾ?

ಹೋದ ವಾರ ಅಲ್ಮಾಸ್ ಪಾಯಾ ತೆಗೆಸಿದಳು. ನಾನು ತೆಂಗಿನಕಾಯಿ ಒಡೆದೆ, ಅವಳು ಫಾತಿಹಾ ಓದಿಸಿದಳು. ಮಕ್ಕಳು ಅಡಿಗೆಮನೆ ಎಲ್ಲಿ, ತಮ್ಮ ಕೋಣೆ ಎಲ್ಲಿ ಎಂದು ಕಲ್ಲಿಟ್ಟು ಆಡುತ್ತಿದ್ದರು. ನೀನು ಬರುತ್ತೀ ಎಂದು ಅವಳು ರಸ್ತೆಯ ಕಡೆ ಮತ್ತೆ ಮತ್ತೆ ನೋಡುತ್ತಿದ್ದಳು. ನನಗೆ ಅದು ಕಂಡಿತು.

ಮಳೆ ಚೆನ್ನಾಗಿದೆ. ಕೆರೆಗೆ ನೀರು ಬಂದಿದೆ. ನೋಡಲು ಚಂದ.

ತುಳಜಾ


ಬಸವಕಲ್ಯಾಣ
8 ಆಗಸ್ಟ್ 2025

ತುಳಜಾರಾಮ,

ನನ್ನ ಮಗಳು ನನ್ನಿಂದ ಮುಚ್ಚಿಟ್ಟಳು. ಆ ಮುಚ್ಚಳ ಹಿಡಿದುಕೊಂಡು ನಿಂತವನು ನೀನು. ಉತ್ತರ ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದು ಹಾಕಿದೆ. ಇದು ಹರಿಯದೆ ಉಳಿದದ್ದು.

ಮಾರ್ಚಿನಲ್ಲಿ ನಾನು ಬರೆದ ದಾರಿಯ ಮಾತು, ಗಾಜಿನ ಮಾತು ತಪ್ಪು. ಅದನ್ನು ವಾಪಸು ತೆಗೆದುಕೊಂಡಿದ್ದೇನೆ. ಉಳಿದ ಯಾವ ಮಾತನ್ನೂ ತೆಗೆದುಕೊಂಡಿಲ್ಲ.

ಅಲ್ಮಾಸಳಿಗೆ ಎಲ್ಲ ಹೇಳಿದೆ. ಕಲ್ಲಿನ ವಿಷಯ, ನೀರಿನ ವಿಷಯ, ಅವಳ ಪಾಯಾ ಯಾವ ಹೊಂಡದ ಮೇಲಿದೆ ಎಂಬುದು. ಅವಳು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ.

"ಅಬ್ಬಾ, ನೀವು ಹೇಳೋದು ಸುಳ್ಳಂತ ನಾ ಅನ್ನಂಗಿಲ್ಲ. ಆದ್ರ ಮೂರು ಮಾಲಕರು ನನ್ನ ಹೆಸರು ಕೇಳಿ ಬಾಗಲಾ ಹಾಕಿದಾಗ ನಿಮ್ಮ ಪುಸ್ತಕದ ಕಪಾಟು ಏನು ಮಾಡ್ತು? ಕಾಕಾ ಹೆಸರು ಕೇಳಲಿಲ್ಲ."

"ನೀರು ಬಂದರೆ?" ಎಂದೆ.

"ಬಂದಾಗ ನೋಡೋಣು. ಮಂದಿ ಬಂದು ಎಬ್ಬಸೋದಕ್ಕಿಂತ ನೀರು ಬಂದು ಎಬ್ಬಸೋದು ಚಲೋ."

ಇಂಥ ಮಾತು ಅವಳ ಬಾಯಿಗೆ ಬರುವಂತೆ ಮಾಡಿದ ನನ್ನ ಊರಿನ ಮಾಲಕರ ಮೇಲೆ ನನಗೆ ಸಿಟ್ಟಿದೆ. ಅದೇ ಮಾತಿನ ಮೇಲೆ ಲೇಔಟು ಎಬ್ಬಿಸಿದ ನಿನ್ನ ಮೇಲೆ ಅದಕ್ಕಿಂತ ಹೆಚ್ಚು. ಅವರು ಬಾಗಿಲು ಹಾಕಿದರು, ಅಷ್ಟೇ. ನೀನು ಪ್ರೀತಿಯಿಂದ ಕರೆದು ನೀರಿನಲ್ಲಿ ನಿಲ್ಲಿಸಿದೆ.

ಒಂದು ಪ್ರಶ್ನೆ. ನಿನ್ನ ಹೊಲದ ಮೇಲಿನ ತುದಿ, ಹುಣಸೆ ಮರ ಇರುವ ಎತ್ತರದ ಜಾಗ, ಲೇಔಟಿನ ನಕ್ಷೆಯಲ್ಲಿ ಇಲ್ಲ. ಅಲ್ಲಿಗೆ ಯಾವ ಮಳೆಗೂ ನೀರು ಬಂದದ್ದಿಲ್ಲ. ಅದನ್ನು ಯಾರಿಗೆಂದು ಇಟ್ಟುಕೊಂಡಿದ್ದೀ? ಕೆರೆ ತುಂಬುವುದಿಲ್ಲ ಎಂದು ನಂಬಿದವನಿಗೆ ಎತ್ತರ ಯಾಕೆ ಬೇಕಾಯಿತು?

ಅಜೀಮುದ್ದೀನ್


ಬಸವಕಲ್ಯಾಣ
30 ಆಗಸ್ಟ್ 2025

ತುಳಜಾ,

ನನ್ನ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ಕೆರೆ ಬರೆದಿದೆ.

ಇದರ ಜೊತೆ ಒಂದು ಪೊಟ್ಟಣವಿದೆ. ಮೊದಲು ಕಾಗದ ಓದು, ಆಮೇಲೆ ಅದನ್ನು ಬಿಚ್ಚು.

ಜುಲೈನಲ್ಲಿಯೇ ನೀರು ನಿನ್ನ ಅಮೃತಶಿಲೆಯ ಕಟ್ಟೆ ಮುಟ್ಟಿತ್ತು. ಯಾರೂ ಓಡಲಿಲ್ಲ, ಯಾರೂ ಕೂಗಲಿಲ್ಲ. ನರಸಿಂಗನೇ ಅಂದನಂತೆ: "ಇದು ಲೆಕ್ಕಕ್ಕಿಲ್ಲ ಬಿಡ್ರಿ. ಎರಡು ಮಳಿಗೆ ಮುಟ್ಟಿದ್ರ ಅದೆಂಥಾ ಮುಟ್ಟೋದು?" ಸಭೆಯಲ್ಲಿ ಕೈ ಎತ್ತಿದ ಊರು ಅದು. ಬಾಯಿ ಠರಾವು ಮಾಡಿತು, ಕಾಲು ಮಾಡಲಿಲ್ಲ. ಆಮೇಲೆ ಕಟ್ಟೆ ಮುಳುಗಿತು, ಕಟಾಂಜನ ಮುಳುಗಿತು. ನಿನ್ನ ಪೀರ ಈಗ ಕೆರೆಯ ತಳದಲ್ಲಿ ಕೂತಿದ್ದಾನೆ. ಹಸಿರು ಚಾದರ ಜಾಲಿ ಗಿಡಕ್ಕೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು, ಮೊನ್ನೆ ನಾನೇ ಬಿಡಿಸಿದೆ.

ಮೊನ್ನೆ ಗುರುವಾರ ಬೆಳಿಗ್ಗೆ ಅಲ್ಮಾಸ್ ತನ್ನ ಪಾಯಾ ನೋಡಲು ಬೋರವಾಡಿಗೆ ಹೊರಟಳು. ಆ ವಾರವೆಲ್ಲ ಮಳೆ. ನಾನೂ ಹಿಂದೆ ಕೂತು ಹೋದೆ, ಅವಳ ಸ್ಕೂಟರಿನ ಮೇಲೆ. ರಸ್ತೆಯ ಮೇಲೆ ನಿನ್ನ ಗಿರಾಕಿಗಳು ಛತ್ರಿ ಹಿಡಿದು, ಫೋನಿನಲ್ಲಿ ಕೆರೆಯ ಫೋಟೋ ತೆಗೆಯುತ್ತ ನಿಂತಿದ್ದರು. ಒಬ್ಬ ನನ್ನನ್ನು ಕೇಳಿದ, "ಚಾಚಾ, ಇದರೊಳಗ ನನ್ನ ಪ್ಲಾಟು ಯಾವುದು?" ಲೇಕ್ ವ್ಯೂ ಕೇಳಿದ್ದನಲ್ಲ, ಎಲ್ಲ ಕಡೆಯೂ ಅದೇ.

ಮೂಲೆಯ ಪ್ಲಾಟಿನವರೆಗೆ ನೆಲ ಇತ್ತು. ಪಾಯಾದ ಕಾಲುವೆಯೊಳಗೆ ಇಳಿದು ಅಲ್ಮಾಸ್ ನಿಂತಳು. ಮಕ್ಕಳು ಅಡಿಗೆಮನೆ ಎಂದು ಇಟ್ಟ ಕಲ್ಲುಗಳು ಅಲ್ಲಿಯೇ ಇದ್ದವು. ನಾವು ನೋಡುತ್ತಿದ್ದಂತೆ ನೀರು ಕಾಲುವೆಯ ಬಾಯಿಂದ ನುಸುಳಿ ಅವಳ ಚಪ್ಪಲಿಯನ್ನು ಒದ್ದೆ ಮಾಡಿತು. ಅಲ್ಲಿಗೆ ಬಂದು ನಿಂತಿತು. ಹೊಂಡ ಇದ್ದಲ್ಲಿ. ನೆಟ್ಟವರು ಸರಿಯಾಗಿಯೇ ನೆಟ್ಟಿದ್ದರು.

ಅವಳು ಅಳುತ್ತಾಳೆ ಎಂದುಕೊಂಡೆ. ನನಗೆ ಹೇಳಲು ನೂರು ಮಾತಿದ್ದವು, ಆರು ತಿಂಗಳಿಂದ ತಿದ್ದಿ ತಿದ್ದಿ ಇಟ್ಟುಕೊಂಡ ಮಾತುಗಳು. ಒಂದನ್ನೂ ಆಡಲಿಲ್ಲ. ಅವಳು ಚಪ್ಪಲಿ ಕೈಗೆ ತೆಗೆದುಕೊಂಡಳು, ಓಡಿದಳು.

"ಪೀರನ ಪಾದ ಮುಟ್ತು! ಪೀರನ ಪಾದ ಮುಟ್ತು!"

ಊರ ನಡುವಿನವರೆಗೆ ಕೂಗುತ್ತ ಹೋದಳು. ಜನ ಮನೆಗಳಿಂದ ಹೊರಗೆ ಬಂದರು. ಅಜ್ಜಿಯರು ಮೊದಲು ಬಂದರು. ಅವರ ಸೆರಗಿನಲ್ಲಿ ಆಗಲೇ ಸಕ್ಕರೆ ಇತ್ತು. ಯಾರೂ ಮುಳುಗಿದ ಕಟ್ಟೆಯ ಕಡೆ ಹೋಗಲಿಲ್ಲ, ಎಲ್ಲರೂ ನಡೆದು ಬಂದದ್ದು ಅಲ್ಮಾಸಳ ಪ್ಲಾಟಿಗೆ. ಮುಕ್ತಾಬಾಯಿಯೂ ಬಂದರು, ಬರಲೇಬೇಕಲ್ಲ. ಠರಾವಿಗೆ ಸಹಿ ಹಾಕಿದವರ ಕೈಯಲ್ಲಿ ರುಮಾಲು. ನೀರನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ನೀರನ್ನು ನೋಡಿದರು.

"ಹೆಣ್ಮಗಳಿಗಿ ರುಮಾಲ ಹ್ಯಾಂಗ ಕಟ್ಟಬೇಕ್ರಿ? ಹಿಂದ ಯಾರೂ ಕಟ್ಟಿಲ್ಲ" ಎಂದರು.

"ಹೆಗಲ ಮ್ಯಾಲ ಹಾಕ್ರಿ ಬಾಯಿ" ಎಂದಳು ಅಲ್ಮಾಸ್. "ಕಾಲು ಒರಸಕೊಳ್ಳಾಕ ಬರ್ತದ."

ಹಾಕಿದರು. ಎಲ್ಲರ ಮುಂದೆ, ಆ ಜಾಗದಲ್ಲಿ. ಕೆರೆಯ ಅಂಚು ಎಲ್ಲಿದೆ ಎಂದು ನಿನ್ನ ಪಂಚಾಯಿತಿ ಮೊನ್ನೆ ಒಪ್ಪಿಕೊಂಡಿತು. ಆ ಮಾತನ್ನು ಹಾಗೆಯೇ ಬರೆದು ಮೇಲಿನ ಕಚೇರಿಗೆ ಕಳಿಸಿದ್ದೇನೆ. ಈ ಸಲ ಕೆಳಗೆ ಊರಿನವರ ಹೆಬ್ಬೆಟ್ಟು, ಸಹಿ ಎಲ್ಲ ಇವೆ. ಮೊದಲನೆಯದು ನರಸಿಂಗನದು. ಹಾಕುವಾಗ ಅವನು "ನಮ್ಮ ಪೀರ" ಎಂದ. ನಾನು ಕೇಳಿಸದವನಂತೆ ಇದ್ದೆ.

ಅಲ್ಮಾಸ್ ನಿನಗೆ ಹೇಳಿ ಕಳಿಸಿದ್ದಾಳೆ: "ಕಾಕಾಗ ಬರೀರಿ, ಪೀರ ಇದ್ದ ಜಾಗ ಅವರೇ ಇಟ್ಕೊಳ್ಳಿ, ಬರಕತ್ತು ಅದಲ್ಲ. ನನಗ ಹುಣಸಿ ಮರದ ಬಾಜೂಕಿನ ಜಾಗ ಬೇಕು. ಹೆಸರು ಕೇಳಬ್ಯಾಡ್ರಿ, ಕೊಡ್ರಿ." ಅವಳು ಇದನ್ನು ನಗುತ್ತ ಹೇಳಿದಳು. ನಾನು ನಗದೆ ಬರೆಯುತ್ತಿದ್ದೇನೆ. ಉಳಿದ ಗಿರಾಕಿಗಳಿಗೂ ಉತ್ತರ ಹೇಳುವವನು ನೀನೇ. ಅವರು ನಿನ್ನ ಅಡತಿಯ ವಿಳಾಸ ಕೇಳಿದರು, ಕೊಟ್ಟಿದ್ದೇನೆ.

ಬೇಸಿಗೆಗೆ ನೀರು ಇಳಿಯುತ್ತದೆ. ಆಗ ಕಲ್ಲನ್ನು ಎತ್ತಿ ತರಬೇಕು. ಬಾಜಾ ಬೇಡ, ಊಟ ಬೇಡ, ಅಮೃತಶಿಲೆ ಬೇಡ. ಎಲ್ಲಿ ನೆಡಬೇಕು ಎಂದು ಊರು ಕೇಳುತ್ತದೆ. ನಾನು ತೋರಿಸುವುದಿಲ್ಲ, ಅಲ್ಮಾಸ್ ತೋರಿಸುವುದಿಲ್ಲ. ನೀನು ಬಂದು ನಿಲ್ಲಬೇಕು. ಅಜ್ಜಿಯ ಹುಣಸೆ ಬರಲು ನಿನ್ನ ಮೀನಖಂಡಕ್ಕೆ ಬಿದ್ದಾಗ ನೀನು ಎಲ್ಲಿ ನಿಂತಿದ್ದೆಯೋ ಅಲ್ಲಿ ನೆಡಿಸು. ಯಾಕೆ ಹೊಡೆದಳು ಎಂಬುದನ್ನೂ ಎಲ್ಲರ ಮುಂದೆ ಹೇಳು.

ಈಗ ಪೊಟ್ಟಣ ಬಿಚ್ಚು. ನಿನ್ನ ಪಾಲಿನ ಸಕ್ಕರೆ.

ಅಜೀಮುದ್ದೀನ್